ಇಬ್ಬರ ಮುಖ ನೋಡುತ್ತ ಪಕ್ಷವನ್ನು ಮರೆತ ಚಿತ್ರ

ಆಸ್ಟ್ರೇಲಿಯಾದ ಎಬಿಸಿ ವಾಹಿನಿ 2015ರಲ್ಲಿ ಪ್ರಸಾರ ಮಾಡಿದ ‘ದಿ ಕಿಲ್ಲಿಂಗ್ ಸೀಸನ್’ ಎಂಬ ಮೂರು ಕಂತಿನ ಸಾಕ್ಷ್ಯಚಿತ್ರಕ್ಕೆ ಅದರ ಯೋಗ್ಯತೆಗೆ ಮೀರಿದ ಹೊಗಳಿಕೆ ಸಿಕ್ಕಿದೆ. ಲೇಬರ್ ಪಕ್ಷದ ಕೆವಿನ್ ರಡ್ ಮತ್ತು ಜೂಲಿಯಾ ಗಿಲ್ಲಾರ್ಡ್ ಒಬ್ಬರನ್ನೊಬ್ಬರು ಪ್ರಧಾನಿ ಪಟ್ಟದಿಂದ ಇಳಿಸಿದ ಕಥೆ ಗೊತ್ತಿರುವುದೇ. ಚಿತ್ರದಲ್ಲಿ ಇಬ್ಬರನ್ನೂ ಪ್ರಶ್ನಿಸುವ ಸಾರಾ ಫರ್ಗ್ಯೂಸನ್ ಪಟ್ಟುಬಿಡದ ಸಂದರ್ಶಕಿ, ಅದರಲ್ಲಿ ತಕರಾರಿಲ್ಲ.

ಎಲ್ಲರೂ ಮೆಚ್ಚುವ ಭಾಗವನ್ನೇ ನೋಡೋಣ. 2010ರ ಜೂನ್ 23ರ ರಾತ್ರಿ, ಕ್ಯಾನ್‌ಬೆರಾದ ಪ್ರಧಾನಿ ಕಚೇರಿ. ಒಳಗೆ ರಡ್, ಗಿಲ್ಲಾರ್ಡ್ ಮತ್ತು ಹಿರಿಯ ಸಚಿವ ಜಾನ್ ಫಾಕ್ನರ್. ಚುನಾವಣೆ ಹತ್ತಿರವಾಗುವವರೆಗೆ ತಮಗೆ ಸಮಯ ಕೊಡಲು ಗಿಲ್ಲಾರ್ಡ್ ಒಪ್ಪಿದ್ದರು, ಆಮೇಲೆ ಮಾತು ತಪ್ಪಿದರು ಎನ್ನುತ್ತಾರೆ ರಡ್. ಒಪ್ಪಂದವೇನೂ ಆಗಲಿಲ್ಲ, ಆದರೆ ಅವರಲ್ಲಿ ಆಸೆ ಹುಟ್ಟಿಸಿದ್ದು ನಿಜ ಎನ್ನುತ್ತಾರೆ ಗಿಲ್ಲಾರ್ಡ್. ಚಿತ್ರ ಇವರ ಮುಖ, ಅವರ ಮುಖ ತೋರಿಸುತ್ತ ಹೋಗುತ್ತದೆ. ಸುಳ್ಳು ಯಾರದೆಂದು ನಾವು ಅವರ ಕಣ್ಣಲ್ಲಿ, ತುಟಿಯಂಚಿನಲ್ಲಿ ಹುಡುಕುತ್ತ ಕೂರುತ್ತೇವೆ. ಗಿಲ್ಲಾರ್ಡ್ ಮಾತಿಗೆ ನಿಂತಿದ್ದರೆ ರಡ್ ಉಳಿಯುತ್ತಿದ್ದರೇ? ಮರುದಿನ ಬೆಳಿಗ್ಗೆ ಅವರು ಸ್ಪರ್ಧೆಗೇ ಇಳಿಯಲಿಲ್ಲ, ಅಷ್ಟರಮಟ್ಟಿಗೆ ಬೆಂಬಲ ಕರಗಿಹೋಗಿತ್ತು. 2007ರಲ್ಲಿ ಪಕ್ಷವನ್ನು ಗೆಲ್ಲಿಸಿದ ನಾಯಕನನ್ನು ಸಂಸದರು ಒಂದೇ ರಾತ್ರಿಯಲ್ಲಿ ಕೈಬಿಟ್ಟದ್ದೇಕೆ ಎಂಬುದು ಅಸಲು ಪ್ರಶ್ನೆ.

ಉತ್ತರ ಪಕ್ಷದ ಏರ್ಪಾಟಿನಲ್ಲಿದೆ. ಲೇಬರ್ ಪಕ್ಷದಲ್ಲಿ ಸಚಿವರನ್ನು ಆರಿಸುವುದು ಸಂಸದರ ಸಭೆಯಾದ ಕಾಕಸ್‌ನ ಹಳೆಯ ಹಕ್ಕು. 2007ರಲ್ಲಿ ರಡ್ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ಆಮೇಲೆ ದೊಡ್ಡ ತೀರ್ಮಾನಗಳೆಲ್ಲ ನಾಲ್ವರ ಸಮಿತಿಗೆ ಸೇರಿದವು. ಸಂಸದರ ಬಳಿ ಉಳಿದ ಒಂದೇ ಅಸ್ತ್ರ ನಾಯಕನನ್ನು ಇಳಿಸುವುದು. ಚಿತ್ರ ಈ ಏರ್ಪಾಟನ್ನು ರಡ್‌ರ ಸ್ವಭಾವದ ದೋಷವಾಗಿ ಕರಗಿಸಿಬಿಡುತ್ತದೆ.

ಈ ಚಿತ್ರವನ್ನು ಷೇಕ್ಸ್‌ಪಿಯರನ ದುರಂತ ನಾಟಕಕ್ಕೆ ಹೋಲಿಸಿದ ವಿಮರ್ಶಕರ ಮೇಲೆ ನನಗೆ ಇನ್ನೂ ಹೆಚ್ಚಿನ ಸಿಟ್ಟಿದೆ. ಹಾಗೆ ಹೋಲಿಸಿದೊಡನೆ ಸಂಸದರು ಹಿನ್ನೆಲೆಯ ಗುಂಪಾಗಿಬಿಡುತ್ತಾರೆ, ಯಾರೂ ಅವರ ಲೆಕ್ಕ ಕೇಳುವುದಿಲ್ಲ. ಸಚಿವರನ್ನು ಮೊದಲಿನಿಂದಲೂ ನಾಯಕನೇ ಆರಿಸುವ ಲಿಬರಲ್ ಪಕ್ಷವನ್ನು ನೋಡಿ. 2015ರ ಸೆಪ್ಟೆಂಬರ್‌ನಲ್ಲಿ ಟರ್ನ್‌ಬುಲ್ ಪಕ್ಷದ ಸಂಸದರ ಮತದಾನದಲ್ಲಿ 54–44ರಿಂದ ಪ್ರಧಾನಿ ಅಬಾಟ್‌ರನ್ನು ಇಳಿಸಿದರು. 2018ರ ಆಗಸ್ಟ್ 21ರಂದು ಡಟನ್ ಎದುರು 48–35ರಿಂದ ಗೆದ್ದ ಅದೇ ಟರ್ನ್‌ಬುಲ್ ಮೂರೇ ದಿನದಲ್ಲಿ ಹೊರಬಿದ್ದರು. 45–40ರಲ್ಲಿ ಮಾರಿಸನ್ ಬಂದರು. ಇಲ್ಲಿ ರಡ್ ಇಲ್ಲ, ಗಿಲ್ಲಾರ್ಡ್ ಇಲ್ಲ, ಆದರೂ ಅದೇ ಆಟ. ಸ್ವಭಾವದ ಕಥೆ ಹೇಳುವವರು ಇದಕ್ಕೇನು ಉತ್ತರ ಕೊಡುತ್ತಾರೆ?

ದೋಷ ಏರ್ಪಾಟಿನಲ್ಲಿದೆ ಎಂಬುದು ಲೇಬರ್ ಸಂಸದರಿಗೆ ತಿಳಿದಿತ್ತು. 2013ರಲ್ಲಿ ಪ್ರಧಾನಿಯನ್ನು ಇಳಿಸಲು ಕಾಕಸ್‌ನ ಶೇ 75ರಷ್ಟು ಸಹಿ ಬೇಕೆಂಬ ನಿಯಮಕ್ಕೆ ಒಪ್ಪಿದ ಅವರು, ಸಚಿವರನ್ನು ಆರಿಸುವ ಹಕ್ಕನ್ನೂ ಅದೇ ವರ್ಷ ಮರಳಿ ಪಡೆದರು.