ಕೂತಲ್ಲಿಂದಲೇ ಹಾರಾಟ

ವಿಡಿಯೋ ಆಟವನ್ನೂ ವಿಮರ್ಶೆಯ ಜಗಲಿಗೆ ಹತ್ತಿಸಬೇಕೆ ಎಂದು ನಮ್ಮ ಹಿರಿಯ ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಸಿನಿಮಾಕ್ಕೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಎದುರಾಗಿತ್ತು ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ. ಮನೆಮನೆಗಳಲ್ಲಿ ಮಕ್ಕಳು ಮಾತ್ರವೇ ಏಕೆ, ಮಕ್ಕಳ ತಂದೆಯರೂ ಗಂಟೆಗಟ್ಟಲೆ ಅದರ ಮುಂದೆ ಕೂತಿರುವಾಗ, ಅದರಲ್ಲಿ ನಿಜವೆಷ್ಟು, ಸೋಗೆಷ್ಟು ಎಂದು ವಿಚಾರಿಸುವುದು ತಪ್ಪಾಗಲಾರದು. ಇಲ್ಲಿ ನಾವು ಎತ್ತಿಕೊಂಡಿರುವುದು ಒಂದೇ ಒಂದು ಬಗೆಯನ್ನು: ಆಡುವವನು ವಿಮಾನದ, ಟ್ಯಾಂಕಿನ, ಲಾರಿಯ, ಇಲ್ಲವೆ ಯಾವುದೋ ಕಾಲ್ಪನಿಕ ಯುದ್ಧಯಂತ್ರದ ಕಾಕ್‌ಪಿಟ್ಟಿನಲ್ಲಿ ಕೂತು, ಎದುರಿನ ಗಾಜಿನ ಮೂಲಕ ಲೋಕವನ್ನು ಕಾಣುವ ಬಗೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಉತ್ತಮ ಪುರುಷ ಏಕವಚನದ ಆಟ. ಇದರ ಬಗ್ಗೆ ಕೇಳಿಬರುವ ಹೊಗಳಿಕೆ ಬಹುತೇಕ ಒಂದೇ: “ಎಷ್ಟು ನೈಜವಾಗಿದೆ!” ಈ ನೈಜತೆ ಎಲ್ಲಿದೆ ಎಂಬುದೇ ನಮ್ಮ ಪ್ರಶ್ನೆ.

ಚಿತ್ರದಲ್ಲಿದೆ ಎಂಬ ಉತ್ತರ ಸುಲಭವಾದದ್ದು. ಆದರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 1980ರಲ್ಲಿ ಅಮೆರಿಕದ ಅಟಾರಿ ಕಂಪನಿ ಹೊರತಂದ ‘ಬ್ಯಾಟಲ್‌ಜೋನ್’ ಎಂಬ ಟ್ಯಾಂಕಿನ ಆಟದಲ್ಲಿ ಚಿತ್ರವೆಂದು ಕರೆಯುವಂಥದು ಏನೂ ಇರಲಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಹಸಿರು ಗೆರೆಗಳು. ಗೆರೆಗಳದೇ ಬೆಟ್ಟ, ಗೆರೆಗಳದೇ ಶತ್ರು. ಆದರೂ ಪೆರಿಸ್ಕೋಪಿನಂಥ ಕಿಂಡಿಗೆ ಮುಖವಿಟ್ಟು, ಎರಡು ಕೈಗಳಲ್ಲಿ ಎರಡು ಹಿಡಿಕೆಗಳನ್ನು ಹಿಡಿದವನಿಗೆ ತಾನು ಟ್ಯಾಂಕಿನೊಳಗಿದ್ದೇನೆಂಬ ಭಾವ ಬರುತ್ತಿತ್ತು. ಕಾರಣ ಆ ಹಿಡಿಕೆಗಳು. ಎರಡನ್ನೂ ಮುಂದೆ ತಳ್ಳಿದರೆ ಯಂತ್ರ ಮುಂದಕ್ಕೆ. ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಎಳೆದರೆ ನಿಂತಲ್ಲೇ ತಿರುಗುತ್ತದೆ. ಎರಡು ಪಟ್ಟಿಗಳ ಮೇಲೆ ಉರುಳುವ ವಾಹನದ ಸ್ವಭಾವವನ್ನು ಕಣ್ಣು ಕಾಣುವ ಮೊದಲೇ ಮುಂಗೈ ಕಲಿತುಬಿಡುತ್ತಿತ್ತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಕಾಡಿನಲ್ಲಿ ಓಡುವ, ಗೋಡೆ ಹಾರುವ ಸೈನಿಕನ ಆಟದಲ್ಲಿ ಪಾತ್ರ ಓಡುತ್ತದೆ, ಆಡುವವನು ಸೋಫಾದಲ್ಲಿ ಒರಗಿರುತ್ತಾನೆ. ಎರಡು ದೇಹಗಳಿಗೂ ಸಂಬಂಧವಿಲ್ಲ. ಕಾಕ್‌ಪಿಟ್ಟಿನ ಆಟದಲ್ಲಾದರೋ ಪಾತ್ರವೂ ಕೂತಿದೆ, ಆಡುವವನೂ ಕೂತಿದ್ದಾನೆ. ಪಾತ್ರದ ಕೈಯಲ್ಲಿ ಹಿಡಿಕೆಯಿದೆ, ಅವನ ಕೈಯಲ್ಲೂ ಇದೆ. ಪಾತ್ರದ ಮುಂದೆ ಒಂದು ಗಾಜು, ಅವನ ಮುಂದೆಯೂ ಒಂದು ಗಾಜು. ಇಷ್ಟು ಕಡಿಮೆ ಸುಳ್ಳನ್ನು ಬೇಡುವ ಕಲೆ ಬೇರೊಂದಿಲ್ಲವೆಂದೇ ಹೇಳಬೇಕು. ಯಕ್ಷಗಾನದ ವೇಷಧಾರಿ ಇಲ್ಲದ ರಥವನ್ನು ಹೆಜ್ಜೆಯಿಂದಲೇ ಏರಿ ತೋರಿಸಿದಾಗ ರಥವನ್ನು ಕಾಣುವ ಕೆಲಸ ನಮ್ಮ ಕಲ್ಪನೆಗೆ ಸೇರಿದ್ದು. ಇಲ್ಲಿ ಕಲ್ಪನೆಗೆ ಅಷ್ಟು ದುಡಿಮೆಯಿಲ್ಲ. ಕುರ್ಚಿಯೇ ಅರ್ಧ ರಥ.

ಈ ತತ್ತ್ವವನ್ನು ಅದರ ಕೊನೆಯ ಅಂಚಿಗೆ ಒಯ್ದ ಕೃತಿ 2002ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ತಂದ ‘ಸ್ಟೀಲ್ ಬಟಾಲಿಯನ್’. ಆಟದ ಜೊತೆಗೆ ಊಟದ ಮೇಜಿನ ಅರ್ಧವನ್ನು ಆಕ್ರಮಿಸುವಂಥ ಒಂದು ನಿಯಂತ್ರಣ ಹಲಗೆ ಬರುತ್ತಿತ್ತು: ಸುಮಾರು ನಲವತ್ತು ಗುಂಡಿಗಳು, ಎರಡು ಹಿಡಿಕೆಗಳು, ಕಾಲಿಗೆ ಮೂರು ಪೆಡಲುಗಳು. ಯಂತ್ರವನ್ನು ಚಾಲೂ ಮಾಡಬೇಕಾದರೆ ಬಾಗಿಲು ಮುಚ್ಚಬೇಕು, ಸಾಲು ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆತ್ತಬೇಕು, ಆಮೇಲೆ ಎಂಜಿನ್. ಕೆಸರು ಹಾರಿ ಮುಂದಿನ ನೋಟ ಮುಚ್ಚಿದರೆ ತೊಳೆಯಲೂ ಒಂದು ಗುಂಡಿ. ಇವೆಲ್ಲ ಬರೇ ಆಟಿಕೆಯ ವೈಭವವೆಂದು ತಳ್ಳಿಹಾಕಬಹುದಾಗಿತ್ತು, ಒಂದು ಗುಂಡಿ ಇಲ್ಲದಿದ್ದರೆ. ಅದು ಮುಚ್ಚಳದಡಿ ಇರುವ, ಹೊರಗೆ ಜಿಗಿಯುವ ಗುಂಡಿ. ಯಂತ್ರ ಸಿಡಿಯುವ ಮೊದಲು ಅದನ್ನು ಒತ್ತದಿದ್ದರೆ ನಿಮ್ಮ ಪಾತ್ರ ಸಾಯುತ್ತದೆ. ಅಷ್ಟೇ ಅಲ್ಲ, ಅಲ್ಲಿಯವರೆಗೆ ಕಾದಿಟ್ಟ ಆಟವೆಲ್ಲ ಅಳಿಸಿಹೋಗುತ್ತದೆ. ವಾರಗಟ್ಟಲೆಯ ದುಡಿಮೆ ನೀರಿಗೆ.

ನಮ್ಮ ಅಲಂಕಾರಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಬೆವರು, ರೋಮಾಂಚ, ನಡುಕ ಮುಂತಾಗಿ. ಇತರ ಅಭಿನಯದಂತೆ ಇವನ್ನು ಕೈಕಾಲಿನ ಅಭ್ಯಾಸದಿಂದ ಮಾಡಿ ತೋರಿಸುವುದಾಗದು. ಮನಸ್ಸು ಅಲ್ಲಿ ನೆಟ್ಟಿದ್ದರೆ ದೇಹವೇ ಒಪ್ಪಿಸುತ್ತದೆ. ನಾಟಕದಲ್ಲಿ ಅವು ನಟನಲ್ಲಿ ಮೂಡಿ, ಪ್ರೇಕ್ಷಕ ಅವನ್ನು ಕಂಡು ರಸಕ್ಕೆ ಸಾಗುತ್ತಾನೆ. ಆ ಮುಚ್ಚಳದ ಮೇಲೆ ಬೆರಳಿಟ್ಟವನ ಅಂಗೈ ಬೆವರಿದಾಗ ನಟನೂ ಅವನೇ, ಪ್ರೇಕ್ಷಕನೂ ಅವನೇ. ಈ ಬೆವರನ್ನು ತರಿಸಿದ್ದು ಚಿತ್ರದ ಸೊಗಸೂ ಅಲ್ಲ, ಗುಂಡಿಗಳ ಎಣಿಕೆಯೂ ಅಲ್ಲ; ಕಳೆದುಕೊಳ್ಳುವ ಭಯ. ಕ್ಯಾಪ್‌ಕಾಮಿನವರು ಸಾವಿಗೆ ಒಂದು ಸಣ್ಣ ಬೆಲೆಯನ್ನಾದರೂ ಕಟ್ಟಿದರು, ಅದು ಅವರ ಹೆಚ್ಚುಗಾರಿಕೆ.

ದೇಹವನ್ನೇ ಅಲುಗಿಸುವ ಪ್ರಯತ್ನಗಳೂ ನಡೆದಿವೆ. 1987ರ ‘ಆಫ್ಟರ್ ಬರ್ನರ್’ ಆಟಕ್ಕೆ ಸೆಗಾ ಕಂಪನಿ ವಾಲುವ ಆಸನ ಕೊಟ್ಟಿತು. 1990ರಲ್ಲಿ ಅದೇ ಕಂಪನಿಯ ‘ಆರ್-360’ ಕೂತವನನ್ನು ಪಟ್ಟಿಯಿಂದ ಬಿಗಿದು ಪೂರ್ತಿ ತಲೆಕೆಳಗು ಮಾಡಿತು. ಜಾತ್ರೆಯ ತೊಟ್ಟಿಲಿನ ಸುಖಕ್ಕೆ ಇದು ಹತ್ತಿರ. ವಿಮಾನಕ್ಕೆ ಎಷ್ಟು ಹತ್ತಿರವೋ ಸಂಶಯ. ಜಾತ್ರೆಯ ಮಾತು ಬಂದದ್ದರಿಂದ ಹೇಳುತ್ತೇವೆ: ಪೈಲಟರ ತರಬೇತಿಯ ಮೊದಮೊದಲ ಯಶಸ್ವಿ ಯಂತ್ರವೂ ಅಲ್ಲಿಂದಲೇ ಬಂದದ್ದು. ಎಡ್ವಿನ್ ಲಿಂಕ್ ಎಂಬಾತ ನ್ಯೂಯಾರ್ಕ್ ರಾಜ್ಯದಲ್ಲಿ ತನ್ನ ತಂದೆಯ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ 1920ರ ದಶಕದ ಕೊನೆಗೆ ಒಂದು ಮರದ ಪೆಟ್ಟಿಗೆಯನ್ನು ಓಲಾಡಿಸಿದ. ಮೊದಲಿಗೆ ಕೊಂಡವರು ಹೆಚ್ಚಾಗಿ ವಿನೋದವನದವರು. 1934ರಲ್ಲಿ ಟಪಾಲು ಹೊತ್ತ ಸೈನ್ಯದ ವಿಮಾನಗಳು ಕೆಟ್ಟ ಹವೆಯಲ್ಲಿ ಸಾಲುಸಾಲಾಗಿ ಬಿದ್ದು ಪೈಲಟರು ಸತ್ತ ಮೇಲೆ ಅಮೆರಿಕದ ಸೈನ್ಯ ಆರು ಪೆಟ್ಟಿಗೆಗಳನ್ನು ಕೊಂಡಿತು.

ಆ ಪೆಟ್ಟಿಗೆ ಕಲಿಸುತ್ತಿದ್ದುದೇನು ಎಂಬುದು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಮುಚ್ಚಳ ಹಾಕಿದ ಮೇಲೆ ಒಳಗಿನವನಿಗೆ ಹೊರಗಿನದೇನೂ ಕಾಣದು. ಉಪಕರಣಗಳ ಮುಳ್ಳುಗಳನ್ನು ನಂಬಿ ಹಾರಬೇಕು. ಮೋಡದೊಳಗೆ ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಕಿವಿಯೊಳಗಿನ ಸಮತೋಲದ ಅಂಗ ಸುಮಾರು ಇಪ್ಪತ್ತು ಸೆಕೆಂಡಿನಲ್ಲಿ ಅದಕ್ಕೆ ಒಗ್ಗಿಕೊಂಡು, ನೇರವಾಗಿ ಹೋಗುತ್ತಿದ್ದೇವೆಂದು ಸುಳ್ಳು ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಯನ್ನು ನಂಬಿದವನು ಸುರುಳಿಯಾಗಿ ನೆಲಕ್ಕೆ ಇಳಿಯುತ್ತಾನೆ. ಅಂದಮೇಲೆ ನಿಜವಾದ ಪೈಲಟ್ ವರ್ಷಗಟ್ಟಲೆ ಕಲಿಯುವ ಪಾಠ ದೇಹವನ್ನು ನಂಬದಿರುವುದು. ಆಟದವರು ಮಾರುವ ಸರಕು ದೇಹ ನಂಬುವಂತೆ ಮಾಡುವುದು! ಹೀಗಾಗಿ, ಅಲುಗದ ಕುರ್ಚಿಯಲ್ಲಿ ಕೂತು ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ನ 1982ರ ಮೊದಲ ಆವೃತ್ತಿಯಲ್ಲಿ ಬರಿಯ ಗೆರೆ-ಬಣ್ಣಗಳ ಮುಂದೆ ಮುಳ್ಳುಗಳನ್ನೇ ದಿಟ್ಟಿಸುತ್ತಿದ್ದವನು, ಆರ್-360ರಲ್ಲಿ ಉರುಳಾಡಿದವನಿಗಿಂತ ನಿಜಕ್ಕೆ ಹತ್ತಿರವಿದ್ದ ಎಂದೇ ನಮ್ಮ ಎಣಿಕೆ.

ಇನ್ನು ಈ ನೈಜತೆಯ ಒಂದು ಕಹಿ ಮುಖ. ಬ್ಯಾಟಲ್‌ಜೋನ್ ಬಂದೊಡನೆ ಅಮೆರಿಕದ ಸೈನ್ಯಕ್ಕೆ ಅದರ ಮೇಲೆ ಕಣ್ಣುಬಿತ್ತು. ಬ್ರ್ಯಾಡ್ಲಿ ಎಂಬ ಯುದ್ಧವಾಹನದ ಗುರಿಕಾರರಿಗಾಗಿ ಅದನ್ನು ಮಾರ್ಪಡಿಸಿ ಕೊಡಬೇಕೆಂದಾಯಿತು. ಆಟವನ್ನು ರೂಪಿಸಿದ ಎಡ್ ರಾಟ್‌ಬರ್ಗ್ ಅದಕ್ಕೆ ಒಲ್ಲದ ಮನಸ್ಸಿನಿಂದಲೇ ಕೈಹಾಕಿದ. ಆ ಯಂತ್ರ ಮಾದರಿಯ ಹಂತ ದಾಟಲಿಲ್ಲ. ಆದರೆ ಅದಕ್ಕಾಗಿ ಮಾಡಿದ ಗುರಿಹಿಡಿಕೆ ಮುಂದೆ 1983ರ ‘ಸ್ಟಾರ್ ವಾರ್ಸ್’ ಆಟಕ್ಕೆ ಬಂದು, ಊರೂರ ಮಕ್ಕಳ ಕೈಗೆ ಸೇರಿತು. ಹಿಡಿಕೆಗೆ ಯಾವ ಪಾಪವೂ ಅಂಟಿಲ್ಲ, ನಿಜ. ಆದರೂ ಗಮನಿಸಬೇಕಾದ್ದು: ಇಂಥ ಆಟ ಗುಂಡು ಹಾರಿಸುವವನ ಮುಂಗೈಯನ್ನು ಎಷ್ಟು ನಿಷ್ಠೆಯಿಂದ ಚಿತ್ರಿಸುತ್ತದೋ, ಗುಂಡು ತಗುಲಿದವನ ಮೈಯನ್ನು ಅಷ್ಟೇ ನಿಷ್ಠೆಯಿಂದ ಬಿಟ್ಟುಬಿಡುತ್ತದೆ. ಆ ಕಡೆಯವನು ಗೆರೆಗಳಾಗಿಯೇ ಉಳಿದ. ಗೆರೆಗಳು ಇಂದು ಬಣ್ಣವಾಗಿವೆ, ಅಷ್ಟೇ.

ಕೊನೆಯದಾಗಿ ನಮ್ಮ ಊರಿನ ಮಾತು. 2020ರ ಫ್ಲೈಟ್ ಸಿಮ್ಯುಲೇಟರ್ ಉಪಗ್ರಹದ ಚಿತ್ರಗಳಿಂದ ಇಡೀ ಭೂಮಿಯನ್ನೇ ಕಟ್ಟಿಕೊಟ್ಟಿದೆ. ಮುಂಬಯಿಯಿಂದ ಹೊರಟು, ಎಡಕ್ಕೆ ಘಟ್ಟ, ಬಲಕ್ಕೆ ಕಡಲು ನೋಡುತ್ತ ಬಜ್ಪೆಯ ಗುಡ್ಡದ ತಲೆಯ ಮೇಲಿನ ಓಡುಹಾದಿಗೆ ಇಳಿಯಬಹುದು. ನಮ್ಮಲ್ಲಿ ಎಷ್ಟೋ ಮಂದಿಗೆ ಅದು ಊರಿನ ಹೆಬ್ಬಾಗಿಲು. ಅಲ್ಲಿಯೇ 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಓಡುಹಾದಿಯನ್ನು ಮೀರಿ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು. ಆಟದಲ್ಲಿ ಅದೇ ಅಂಚಿನಿಂದ ಬಿದ್ದರೆ ಮತ್ತೆ ಶುರುಮಾಡಬಹುದು. ಇದನ್ನು ಹೇಳಿ ಆಟವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸಾಯಿಸದಿರುವುದೇ ಆಟದ ಗುಣ. ನಮ್ಮ ತಕರಾರು ಬೇರೆ. ತನಿಖೆಯ ವರದಿಯನ್ನು ನೋಡಿದವರಿಗೆ ಗೊತ್ತು: ದುರಂತದ ಬೇರು ಬೆಟ್ಟದಲ್ಲಿರಲಿಲ್ಲ. ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಮೇಲ್ಪಟ್ಟು ನಿದ್ರಿಸಿದ್ದರು; ಆ ಮಂಪರು ಪೂರ್ತಿ ಇಳಿದಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಎಚ್ಚರಿಸಿದ್ದರು.

ನಿದ್ದೆಯ ಮಂಪರು, ಪಕ್ಕದವನ ದನಿ: ನಿಜವಾದ ಕಾಕ್‌ಪಿಟ್ಟಿನ ಈ ಎರಡು ಸಂಗತಿಗಳನ್ನೇ ಈ ಅದ್ಭುತ ಆಟ ಹೊರಗಿಟ್ಟಿದೆ. ಮೋಡದ ಅಂಚಿನ ಬೆಳಕಿದೆ, ನೇತ್ರಾವತಿಯ ತಿರುವಿದೆ, ದಣಿದ ದೇಹವಿಲ್ಲ. ದಣಿವನ್ನೇ ವಸ್ತುವಾಗಿ ಮಾಡಿಕೊಂಡ ಆಟವೊಂದನ್ನು 1995ರಲ್ಲಿ ಪೆನ್ ಮತ್ತು ಟೆಲ್ಲರ್ ಎಂಬ ಅಮೆರಿಕದ ಜಾದೂಗಾರರು ತಯಾರಿಸಿದ್ದುಂಟು. ಮರುಭೂಮಿಯ ನೇರ ರಸ್ತೆಯಲ್ಲಿ ಎಂಟು ಗಂಟೆ ಬಸ್ಸು ಓಡಿಸಬೇಕು. ಬಸ್ಸು ಬಲಕ್ಕೆ ತುಸು ಎಳೆಯುತ್ತದಾದ್ದರಿಂದ ಚಕ್ರದಿಂದ ಕೈ ತೆಗೆಯುವಂತಿಲ್ಲ. ತಲುಪಿದರೆ ಸಿಗುವುದು ಒಂದೇ ಅಂಕ. ಅವರು ಅದನ್ನು ತಮಾಷೆಗೆಂದು ಮಾಡಿದರು. ನಮ್ಮ ಘಟ್ಟದ ರಾತ್ರಿ ಬಸ್ಸಿನ ಚಾಲಕರು ಅದರಲ್ಲಿ ತಮಾಷೆಯನ್ನು ಕಂಡಾರೆ?

ಪಕ್ಕದ ದನಿಯ ಮಟ್ಟಿಗೆ ಒಂದು ಕೃತಿ ಮುಂದೆ ಹೋಗಿದೆ. ‘ಡಿಸಿಎಸ್’ ಎಂಬ ಆಟಕ್ಕಾಗಿ 2019ರಲ್ಲಿ ಹೀಟ್‌ಬ್ಲರ್ ಸಂಸ್ಥೆ ತಂದ ಎಫ್-14 ವಿಮಾನದಲ್ಲಿ ಹಿಂದಿನ ಆಸನಕ್ಕೂ ಆಳುಂಟು. ಬೇರೆ ಮನೆಯಲ್ಲಿ ಕೂತ ಗೆಳೆಯನೊಬ್ಬ ಅಲ್ಲಿ ಬಂದು ಕೂರಬಹುದು; ಯಾರೂ ಇಲ್ಲದಿದ್ದರೆ ‘ಜೆಸ್ಟರ್’ ಎಂಬ ಯಂತ್ರಪಾತ್ರ ಮಾತಾಡುತ್ತಾ ರಡಾರ್ ನೋಡುತ್ತದೆ. ಉತ್ತಮ ಪುರುಷ ಏಕವಚನ ಇಲ್ಲಿ ಬಹುವಚನವಾಗಿದೆ. ಮೋಡ ಎಷ್ಟು ಬೆಳ್ಳಗಿದೆ ಎಂದು ಕೇಳುವುದಕ್ಕಿಂತ, ಹಿಂದಿನವನು ಬೇಡವೆಂದಾಗ ಮುಂದಿನವನ ಕೈ ಹಿಡಿಕೆಯ ಮೇಲೆ ಎಷ್ಟು ಬೇಗ ಸಡಿಲಾಯಿತು ಎಂದು ನೋಡುವುದಕ್ಕೆ ಇಲ್ಲಿ ಅವಕಾಶವಿದೆ. ಅದನ್ನು ಓಡಿಸಬಲ್ಲ ಕಂಪ್ಯೂಟರಿನ ಬೆಲೆ ಕೇಳಿದರೆ ಮಾತ್ರ ನಮ್ಮಂಥವರಿಗೂ ಸ್ತಂಭ, ಬೆವರು ಎರಡೂ ಒಟ್ಟಿಗೇ ಆಗುತ್ತವೆ.