ಹೆಸರು ಒಂದೆಡೆ, ಬೆಟ್ಟ ಇನ್ನೊಂದೆಡೆ

ಖಗೋಳ ವಿಜ್ಞಾನ ಬೋಧಿಸುವ ಅಧ್ಯಾಪಕರಿಗೆ ಉಚಿತವಾಗಿ ದೊರೆಯುವ ತಂತ್ರಾಂಶಗಳಲ್ಲಿ ಎರಡು ಹೆಚ್ಚು ಪರಿಚಿತ. ಒಂದು ಸ್ಟೆಲೇರಿಯಂ. ಭೂಮಿಯ ಮೇಲೆ ನಿಂತವರಿಗೆ ಆಕಾಶ ಹೇಗೆ ಕಾಣುತ್ತದೋ ಹಾಗೆ ಅದು ತೋರಿಸುತ್ತದೆ. ಇನ್ನೊಂದು 2001ರಲ್ಲಿ ಮೊದಲು ಹೊರಬಂದ ಸೆಲೆಸ್ಟಿಯಾ. ಇದರಲ್ಲಿ ನೀವು ಭೂಮಿಯನ್ನು ಬಿಟ್ಟು ಮಂಗಳದ ಹತ್ತಿರಕ್ಕೋ ಶನಿಯ ಉಪಗ್ರಹಗಳ ಬಳಿಗೋ ಹೋಗಿ ಸುತ್ತಾಡಬಹುದು. ಗ್ರಹವನ್ನು ಹಿಗ್ಗಿಸಿ ನೋಡಿದಾಗ ಅದರ ಬೆಟ್ಟ, ಕಣಿವೆ, ಕುಳಿಗಳ ಮೇಲೆ ಹೆಸರು ಬರೆದು ತೋರಿಸುವ ಸೌಲಭ್ಯ ಎರಡರಲ್ಲೂ ಇದೆ. ಈ ತಂತ್ರಾಂಶಗಳ ಗುಣಗಳನ್ನು ಅನೇಕರು ಹೇಳಿದ್ದಾರೆ, ಅವು ಆ ಮೆಚ್ಚುಗೆಗೆ ಅರ್ಹವೂ ಹೌದು. ಇಲ್ಲಿ ಪರಿಶೀಲಿಸಲು ಎತ್ತಿಕೊಂಡಿರುವುದು ಒಂದೇ ಒಂದು ಅಂಶ. ಪರದೆಯ ಮೇಲಿನ ಹೆಸರು ಮತ್ತು ಅದರ ಅಡಿಯಲ್ಲಿ ಕಾಣುವ ನೆಲ, ಇವೆರಡೂ ನಿಜವಾಗಿ ಒಂದೇ ಸ್ಥಳಕ್ಕೆ ಸೇರಿದವೇ?

ಪ್ರಶ್ನೆ ನಿಮಗೆ ವಿಚಿತ್ರವೆನಿಸಬಹುದು. ಗೋಡೆಗೆ ತೂಗುಹಾಕುವ ಭೂಪಟದಲ್ಲಿ ಮೈಸೂರು ಎಂಬ ಹೆಸರು ಬಳ್ಳಾರಿಯ ಮೇಲೆ ಬಂದೀತೆಂದು ಯಾರೂ ಶಂಕಿಸುವುದಿಲ್ಲ. ಅಲ್ಲಿ ನೆಲವನ್ನು ಬರೆದವರೂ ಹೆಸರನ್ನು ಕೂರಿಸಿದವರೂ ಒಬ್ಬರೇ. ತಂತ್ರಾಂಶದಲ್ಲಿ ಹಾಗಲ್ಲ. ಗ್ರಹದ ಮೇಲ್ಮೈ ಎಂಬುದು ವ್ಯೋಮನೌಕೆಗಳು ತೆಗೆದ ಚಿತ್ರಗಳನ್ನು ಜೋಡಿಸಿ ಮಾಡಿದ ಒಂದು ಆಯತಾಕಾರದ ನಕಾಶೆ. ಅದರ ಅಗಲ ಎತ್ತರದ ಎರಡರಷ್ಟು. ಅಡ್ಡಲಾಗಿ 360 ಡಿಗ್ರಿ ರೇಖಾಂಶ, ಉದ್ದಕ್ಕೆ 180 ಡಿಗ್ರಿ ಅಕ್ಷಾಂಶ ಸಮನಾಗಿ ಹಂಚಿರುತ್ತವೆ. ತಂತ್ರಾಂಶ ಇದನ್ನು ಚೆಂಡಿಗೆ ಕಾಗದ ಸುತ್ತಿದಂತೆ ಗೋಳಕ್ಕೆ ಸುತ್ತುತ್ತದೆ. ಹೆಸರುಗಳು ಬರುವುದು ಬೇರೆಯೇ ಕಡತದಿಂದ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅಂಗೀಕರಿಸಿದ ಹೆಸರುಗಳ ಪಟ್ಟಿಯನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಸಂಸ್ಥೆ ನಿರ್ವಹಿಸುತ್ತದೆ. ಪ್ರತಿ ಹೆಸರಿನ ಮುಂದೆ ಅಕ್ಷಾಂಶ, ರೇಖಾಂಶ, ವ್ಯಾಸ ಇರುತ್ತವೆ. ತಂತ್ರಾಂಶ ಆ ಅಂಕೆಗಳನ್ನು ಓದಿ ಗೋಳದ ಮೇಲೆ ಹೆಸರು ಅಂಟಿಸುತ್ತದೆ. ಅಡಿಯಲ್ಲಿ ಬೆಟ್ಟವಿದೆಯೋ ಬಯಲಿದೆಯೋ ಎಂದು ಅದು ನೋಡುವುದಿಲ್ಲ, ನೋಡಲು ಅದಕ್ಕೆ ಕಣ್ಣಿಲ್ಲ.

ಆದ್ದರಿಂದ ಎರಡು ಕಡತಗಳೂ ರೇಖಾಂಶವನ್ನು ಒಂದೇ ಜಾಗದಿಂದ, ಒಂದೇ ದಿಕ್ಕಿಗೆ ಎಣಿಸಿರಬೇಕು. ತೊಡಕು ಆರಂಭವಾಗುವುದು ಇಲ್ಲೇ.

ಮಂಗಳವನ್ನೇ ತೆಗೆದುಕೊಳ್ಳಿ. ಸೊನ್ನೆ ರೇಖಾಂಶ ನಕಾಶೆಯ ನಡುವೆ ಇರಬೇಕೆಂಬುದು ಸೆಲೆಸ್ಟಿಯಾದ ಪದ್ಧತಿ. ಆದರೆ ಸೊನ್ನೆಯನ್ನು ಎಡ ಅಂಚಿನಲ್ಲಿಟ್ಟು 360ರವರೆಗೆ ಎಣಿಸಿದ ನಕಾಶೆಗಳೂ ಬೇಕಾದಷ್ಟಿವೆ. ಅಂಥದೊಂದನ್ನು ಹಾಗೆಯೇ ತಂದು ಹಾಕಿದರೆ ಗ್ರಹ ಅರ್ಧ ಸುತ್ತು ತಿರುಗಿ ಕೂರುತ್ತದೆ. ಸೌರವ್ಯೂಹದಲ್ಲೇ ಅತಿ ಎತ್ತರದ ಜ್ವಾಲಾಮುಖಿ ಎನಿಸಿದ ಒಲಿಂಪಸ್ ಮಾನ್ಸ್ ಇರುವುದು ಉತ್ತರ ಅಕ್ಷಾಂಶ 18.65, ಪಶ್ಚಿಮ ರೇಖಾಂಶ 133.8 ಡಿಗ್ರಿಯಲ್ಲಿ. ಅರ್ಧ ಸುತ್ತು ತಪ್ಪಿದಾಗ ಆ ಹೆಸರು ಪೂರ್ವದ 46 ಡಿಗ್ರಿಯ ನೆಲದ ಮೇಲೆ, ಎಂದರೆ ಅರೇಬಿಯಾ ಟೆರಾ ಎಂಬ ಕುಳಿಗಳು ತುಂಬಿದ ಎತ್ತರದ ಪ್ರದೇಶದ ಮೇಲೆ ಬೀಳುತ್ತದೆ. ಅಲ್ಲಿ ಜ್ವಾಲಾಮುಖಿ ಇಲ್ಲದಿರುವುದು ಯಾರಿಗಾದರೂ ಕಣ್ಣಿಗೆ ಹೊಡೆಯುತ್ತದೆ. ಹೀಗಾಗಿ ಇದು ಅಷ್ಟೇನೂ ಅಪಾಯದ ತಪ್ಪಲ್ಲ.

ಅಪಾಯವಿರುವುದು ದಿಕ್ಕಿನ ತಪ್ಪಿನಲ್ಲಿ. ಗ್ರಹದ ಆವರ್ತನೆಗೆ ವಿರುದ್ಧ ದಿಕ್ಕಿನಲ್ಲಿ ರೇಖಾಂಶ ಎಣಿಸುವುದು ಖಗೋಳಜ್ಞರ ಹಳೆಯ ರೂಢಿ. ಆಗ ಭೂಮಿಯಿಂದ ನೋಡುವವರಿಗೆ ಬಿಂಬದ ನಡುವೆ ಹಾದುಹೋಗುವ ರೇಖಾಂಶ ಕಾಲಕ್ರಮದಲ್ಲಿ ಏರುತ್ತಾ ಹೋಗುತ್ತದೆ. ಈ ಲೆಕ್ಕದಲ್ಲಿ ಮಂಗಳದ ರೇಖಾಂಶ ಪಶ್ಚಿಮಕ್ಕೆ ಹೆಚ್ಚುತ್ತದೆ. ಹಿಮ್ಮುಖವಾಗಿ ಆವರ್ತಿಸುವ ಶುಕ್ರದಲ್ಲಿ ಪೂರ್ವಕ್ಕೆ ಹೆಚ್ಚುತ್ತದೆ. 2000ದ ದಶಕದ ಆರಂಭದಿಂದ ಮಂಗಳದ ಹೊಸ ನಕಾಶೆಗಳು ಪೂರ್ವಕ್ಕೆ ಎಣಿಸುವ ಪದ್ಧತಿಗೆ ಹೊರಳಿದವು, ಹಳೆಯ ಪಟ್ಟಿಗಳು ಪಶ್ಚಿಮದಲ್ಲೇ ಉಳಿದವು. ಹಳೆಯ ಪಟ್ಟಿಯ 133.8ನ್ನು ಋಣ ಚಿಹ್ನೆ ಹಾಕದೆ ನಕಲು ಮಾಡಿದರೆ ಏನಾಗುತ್ತದೆ? ಒಲಿಂಪಸ್ ಮಾನ್ಸ್ ಹೆಸರು ಪೂರ್ವದ 133.8 ಡಿಗ್ರಿಗೆ ಹೋಗುತ್ತದೆ. ಅಲ್ಲಿಂದ ಸುಮಾರು 800 ಕಿ.ಮೀ. ದೂರದಲ್ಲಿ ಎಲಿಸಿಯಂ ಮಾನ್ಸ್ ಎಂಬ ಇನ್ನೊಂದು ದೊಡ್ಡ ಜ್ವಾಲಾಮುಖಿ ಇದೆ! ಇಡೀ ಗ್ರಹ ಪರದೆಯಲ್ಲಿ ಅಂಗೈಯಷ್ಟು ಕಾಣುವಾಗ 800 ಕಿ.ಮೀ. ಎಂದರೆ ಹೆಚ್ಚೇನಲ್ಲ. ಹತ್ತಿರದಲ್ಲೊಂದು ಜ್ವಾಲಾಮುಖಿ ಕಂಡಿತು, ಅದೇ ಒಲಿಂಪಸ್ ಎಂದು ತರಗತಿ ನಂಬುತ್ತದೆ.

ಚಂದ್ರನಲ್ಲಿ ಈ ತಪ್ಪು ಇನ್ನೂ ನಯವಾಗಿ ಮರೆಯಾಗುತ್ತದೆ. ಮಾರೆ ಕ್ರಿಸಿಯಂ ಎಂಬ ಕಪ್ಪು ‘ಸಮುದ್ರ’ ಉತ್ತರ ಅಕ್ಷಾಂಶ 17, ಪೂರ್ವ ರೇಖಾಂಶ 59 ಡಿಗ್ರಿಯ ಬಳಿ ಇದೆ. ಪೂರ್ವ ಪಶ್ಚಿಮ ಅದಲುಬದಲಾದರೆ ಹೆಸರು ಓಷಿಯಾನಸ್ ಪ್ರೊಸೆಲಾರಂ ಮೇಲೆ ಬೀಳುತ್ತದೆ. ಅದೂ ಕಪ್ಪು ಬಯಲೇ. ಚಂದ್ರನ ವಿಚಾರದಲ್ಲಿ ಈ ಅದಲುಬದಲು ಒಮ್ಮೆ ಅಧಿಕೃತವಾಗಿಯೇ ಆಗಿದೆ. ಮೊದಲು ಚಂದ್ರಬಿಂಬದ ಪೂರ್ವ ಎಂದರೆ ನಮ್ಮ ಆಕಾಶದ ಪೂರ್ವ ದಿಕ್ಕಿಗಿರುವ ಅಂಚು. 1961ರಲ್ಲಿ ಖಗೋಳ ಒಕ್ಕೂಟ ಇದನ್ನು ತಿರುಗಿಸಿ, ಚಂದ್ರನ ಮೇಲೆ ನಿಂತವರಿಗೆ ಯಾವುದು ಪೂರ್ವವೋ ಅದನ್ನೇ ಪೂರ್ವವೆಂದು ಗೊತ್ತುಮಾಡಿತು. ಇದರಿಂದಾಗಿ ‘ಪೂರ್ವದ ಸಮುದ್ರ’ ಎಂಬ ಅರ್ಥದ ಮಾರೆ ಓರಿಯೆಂಟಾಲೆ ಈಗ ಚಂದ್ರನ ಪಶ್ಚಿಮದ ಅಂಚಿನಲ್ಲಿದೆ. ಹಳೆಯ ಚಂದ್ರಪಟಗಳನ್ನು ಇಟ್ಟುಕೊಂಡಿರುವ ಗ್ರಂಥಾಲಯಗಳಲ್ಲಿ ವಿದ್ಯಾರ್ಥಿಗಳು ಇದನ್ನು ತಾವೇ ನೋಡಿ ತಿಳಿಯಬಹುದು.

ಇನ್ನೊಂದು ಬಗೆಯ ವ್ಯತ್ಯಾಸಗಳು ಚಿಕ್ಕವು. ಅಕ್ಷಾಂಶದಲ್ಲೇ ಎರಡು ವಿಧಗಳಿವೆ. ಗ್ರಹದ ಕೇಂದ್ರದಿಂದ ಆ ಸ್ಥಳಕ್ಕೆ ಎಳೆದ ಗೆರೆ ಸಮಭಾಜಕದ ತಳದೊಡನೆ ಮಾಡುವ ಕೋನ ಒಂದು, ಆ ಸ್ಥಳದ ನೆಲಕ್ಕೆ ಲಂಬವಾಗಿ ಎಳೆದ ಗೆರೆ ಮಾಡುವ ಕೋನ ಇನ್ನೊಂದು. ಗ್ರಹ ಪೂರ್ಣ ಗೋಳವಾಗಿದ್ದರೆ ಎರಡೂ ಒಂದೇ. ಮಂಗಳದ ಸಮಭಾಜಕ ತ್ರಿಜ್ಯ 3396 ಕಿ.ಮೀ., ಧ್ರುವ ತ್ರಿಜ್ಯ 3376 ಕಿ.ಮೀ. ಹಾಗಾಗಿ 45 ಡಿಗ್ರಿ ಅಕ್ಷಾಂಶದ ಬಳಿ ಎರಡು ಕೋನಗಳ ನಡುವೆ ಸುಮಾರು 0.34 ಡಿಗ್ರಿ, ನೆಲದ ಮೇಲೆ 20 ಕಿ.ಮೀ. ಅಂತರ ಬರುತ್ತದೆ. ಬಹಳ ಚಪ್ಪಟೆಯಾದ ಗುರುಗ್ರಹದಲ್ಲಿ ಈ ವ್ಯತ್ಯಾಸ ಸುಮಾರು 4 ಡಿಗ್ರಿ ಮುಟ್ಟುತ್ತದೆ.

ಸೊನ್ನೆ ರೇಖಾಂಶವೂ ಒಂದೇ ಕಡೆ ನಿಂತಿಲ್ಲ. 1830ರ ಸುಮಾರಿಗೆ ಬೇರ್ ಮತ್ತು ಮೇಡ್ಲರ್ ಮಂಗಳದ ಮೇಲಿನ ಒಂದು ಕಪ್ಪು ಚುಕ್ಕೆಯನ್ನು ಆಧಾರವಾಗಿ ಹಿಡಿದಿದ್ದರು. ಮ್ಯಾರಿನರ್-9 ಕಳಿಸಿದ ಚಿತ್ರಗಳ ನಂತರ, 1972ರಲ್ಲಿ, ಏರಿ ಕುಳಿಯ ಒಳಗಿರುವ ಅರ್ಧ ಕಿ.ಮೀ. ಅಗಲದ ಏರಿ-0 ಎಂಬ ಪುಟ್ಟ ಕುಳಿ ಆಧಾರವಾಯಿತು. ಖಗೋಳ ಒಕ್ಕೂಟದ ಕಾರ್ಯಪಡೆಯ 2015ರ ವರದಿಯಂತೆ ಈಗ ಆಧಾರ ವೈಕಿಂಗ್-1 ಇಳಿದಾಣ. ಅದರ ರೇಖಾಂಶವನ್ನು ಪಶ್ಚಿಮ 47.95137 ಡಿಗ್ರಿ ಎಂದು ಕಟ್ಟಿಹಾಕಿ ಉಳಿದೆಲ್ಲವನ್ನೂ ಅಲ್ಲಿಂದ ಅಳೆಯುತ್ತಾರೆ. ರೇಡಿಯೋ ಸಂಕೇತ ಕಳಿಸಿದ ಯಂತ್ರದ ಸ್ಥಾನವನ್ನು ಕುಳಿಯೊಂದರ ನಡುವನ್ನು ಗುರುತಿಸುವುದಕ್ಕಿಂತ ನಿಖರವಾಗಿ ಹೇಳಬಹುದಲ್ಲವೇ! ಹಳೆಯ ಸೊನ್ನೆ ಅಲುಗದಂತೆ ಈ ಅಂಕೆಯನ್ನು ಆರಿಸಿದ್ದಾರೆ. ಆದರೂ ಬೇರೆ ಬೇರೆ ದಶಕಗಳ ನಕಾಶೆಗಳ ನಡುವೆ ಡಿಗ್ರಿಯ ಹತ್ತನೆಯ ಭಾಗಗಳಷ್ಟು ವ್ಯತ್ಯಾಸ ಉಳಿದೇ ಇದೆ.

ಇಂಥ ಚಿಕ್ಕ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕೆ? ಅದು ನಕಾಶೆಯ ಗಾತ್ರವನ್ನು ಅವಲಂಬಿಸಿದೆ. 2048 ಚುಕ್ಕೆ ಅಗಲದ ನಕಾಶೆಯಲ್ಲಿ ಮಂಗಳದ ಸಮಭಾಜಕದ ಮೇಲೆ ಒಂದು ಚುಕ್ಕೆ ಎಂದರೆ ಸುಮಾರು 10 ಕಿ.ಮೀ. ಅಲ್ಲಿ 20 ಕಿ.ಮೀ. ತಪ್ಪು ಎರಡೇ ಚುಕ್ಕೆ, ಯಾರಿಗೂ ಕಾಣದು. ಅದೇ ನಕಾಶೆಯನ್ನು 8192 ಚುಕ್ಕೆಗೆ ಏರಿಸಿದಾಗ ತಪ್ಪು ಎಂಟು ಚುಕ್ಕೆಯಾಗಿ, ಸಣ್ಣ ಕುಳಿಯ ಹೆಸರು ಪಕ್ಕದ ಕುಳಿಗೆ ಜಾರುತ್ತದೆ. ಹೆಚ್ಚು ಸ್ಪಷ್ಟವಾದ ಚಿತ್ರ ಹೆಚ್ಚು ಸರಿಯಾದದ್ದು ಎಂಬ ನಂಬಿಕೆ ನಮ್ಮಲ್ಲಿ ಸಾಮಾನ್ಯ. ಆದರೆ ನಕಾಶೆ ಎಷ್ಟು ಸ್ಪಷ್ಟವೋ ಹೆಸರಿನ ತಪ್ಪೂ ಅಷ್ಟೇ ಸ್ಪಷ್ಟವಾಗುತ್ತದೆ.

ಈಗ ಆಕ್ಷೇಪಣೆಗೆ ಬರೋಣ. ತಪ್ಪು ಇರುವುದು ದೊಡ್ಡ ದೋಷವಲ್ಲ. ಈ ತಂತ್ರಾಂಶಗಳನ್ನು ಕಟ್ಟಿದವರು ಬಹುಪಾಲು ಸ್ವಯಂಸೇವಕರು, ತಿಳಿಸಿದರೆ ತಿದ್ದುವ ಉತ್ಸಾಹವುಳ್ಳವರು. ದೋಷವಿರುವುದು ತಪ್ಪನ್ನು ಕಂಡುಹಿಡಿಯುವ ದಾರಿಯನ್ನು ಬಳಕೆದಾರರ ಕಣ್ಣೆದುರು ಇಡದಿರುವುದರಲ್ಲಿ. ನಕಾಶೆ ಯಾವ ನೌಕೆಯ ಚಿತ್ರಗಳಿಂದ ಆದದ್ದು, ರೇಖಾಂಶ ಯಾವ ದಿಕ್ಕಿಗೆ ಹೆಚ್ಚುತ್ತದೆ, ಅಕ್ಷಾಂಶ ಯಾವ ವಿಧದ್ದು ಎಂಬುದನ್ನು ಹೆಸರಿನ ಪಕ್ಕದಲ್ಲಿ ಪರದೆ ಹೇಳುವುದಿಲ್ಲ. ಶಾಲೆಯ ಭೂಪಟದ ಮೂಲೆಯಲ್ಲಿ ಅಳತೆಯ ಪ್ರಮಾಣ, ದಿಕ್ಕು, ಸಂಕೇತಗಳ ವಿವರಣೆ ಇರಲೇಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ, ಇಲ್ಲದಿದ್ದರೆ ಅಂಕ ಕಳೆಯುತ್ತೇವೆ. ಗ್ರಹದ ನಕಾಶೆಗೆ ಆ ನಿಯಮ ಏಕೆ ಬೇಡ?

ಈ ವಿಷಯದಲ್ಲಿ ಸೆಲೆಸ್ಟಿಯಾಗೆ ಒಂದು ಹೆಚ್ಚುಗಾರಿಕೆಯಿದೆ. ಅದರ ಸ್ಥಳನಾಮಗಳ ಕಡತ ಸಾದಾ ಪಠ್ಯ. ಟಿಪ್ಪಣಿ ಬರೆಯುವ ಯಾವುದೇ ತಂತ್ರಾಂಶದಲ್ಲಿ ತೆರೆದು ಒಂದೊಂದು ಹೆಸರಿನ ಮುಂದೆ ರೇಖಾಂಶ, ಅಕ್ಷಾಂಶ ಏನಿದೆಯೆಂದು ಓದಬಹುದು. ಪೂರ್ವಕ್ಕೆ ಧನ, ಪಶ್ಚಿಮಕ್ಕೆ ಋಣ. ಚಿತ್ರವೂ ಬೇರೆ ಕಡತದಲ್ಲಿರುವುದರಿಂದ ಬದಲಾಯಿಸುವುದು ಸುಲಭ. ಈ ಸುಲಭತೆಯೇ ಕೇಡಿಗೂ ಕಾರಣ. ಯಾರೋ ತಯಾರಿಸಿದ ಸುಂದರವಾದ ಹೊಸ ನಕಾಶೆಯನ್ನು ತಂದು ಹಾಕುವವರು ಹೆಸರುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ ಎಂದುಕೊಳ್ಳುತ್ತಾರೆ.

ಹಾಗಾದರೆ ನೀವು ಪರೀಕ್ಷಿಸುವುದು ಹೇಗೆ? ಒಂದು ಹೆಸರು ಸರಿಯಾಗಿ ಕೂತಿದೆಯೆಂದು ತೃಪ್ತಿಪಡಬೇಡಿ. ಸೊನ್ನೆ ರೇಖಾಂಶದಲ್ಲಿರುವ ಏರಿ ಕುಳಿ ಪೂರ್ವ ಪಶ್ಚಿಮ ಅದಲುಬದಲಾದರೂ ಇದ್ದಲ್ಲೇ ಇರುತ್ತದೆ. 180 ಡಿಗ್ರಿಯ ಹತ್ತಿರವಿರುವ ಪ್ಲೂಟೋದ ಸ್ಪುಟ್ನಿಕ್ ಪ್ಲಾನಿಷಿಯಾ ಬಯಲೂ ಹೆಚ್ಚುಕಡಿಮೆ ಹಾಗೆಯೇ. ಸೊನ್ನೆಗೂ 180ಕ್ಕೂ ಸಾಕಷ್ಟು ದೂರವಿರುವ, ಕನ್ನಡಿಯಲ್ಲಿ ತಿರುಗಿಸಿದಾಗ ಬೇರೆ ಬಗೆಯ ನೆಲಕ್ಕೆ ಬೀಳುವ ಸ್ಥಳವನ್ನು ಆರಿಸಿಕೊಳ್ಳಿ. ಅಂಚು ಚೂಪಾಗಿರುವ ಕುಳಿಯಾದರೆ ಉತ್ತಮ, ಏಕೆಂದರೆ ನಡು ಎಲ್ಲಿದೆಯೆಂದು ನಿರ್ಧರಿಸಬಹುದು. ಚಂದ್ರನಿಗಂತೂ ಆಕಾಶವೇ ಸಾಕ್ಷಿ. ಅಮಾವಾಸ್ಯೆ ಕಳೆದ ಮೂರು ನಾಲ್ಕು ದಿನಗಳಲ್ಲಿ ಸಂಜೆ ಬೈನಾಕ್ಯುಲರ್‌ನಲ್ಲಿ ನೋಡಿದರೆ ಬೆಳಗಿದ ಭಾಗದಲ್ಲಿ ಮಾರೆ ಕ್ರಿಸಿಯಂ ಅಂಡಾಕಾರದ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ತಂತ್ರಾಂಶವನ್ನು ಅದೇ ದಿನಾಂಕಕ್ಕೆ ಹೊಂದಿಸಿ ಹೆಸರು ಎಲ್ಲಿ ಬಂದಿದೆ ನೋಡಿ.

ಇಷ್ಟು ಶ್ರಮ ಏಕೆ ಎನ್ನುವವರಿಗೆ ನಮ್ಮದೇ ಉದಾಹರಣೆ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದ ತಾಣಕ್ಕೆ ಶಿವಶಕ್ತಿ ಎಂಬ ಹೆಸರನ್ನು ಖಗೋಳ ಒಕ್ಕೂಟ 2024ರ ಮಾರ್ಚ್‌ನಲ್ಲಿ ಅಂಗೀಕರಿಸಿತು. ಅದು ಎಲ್ಲಿದೆ ತೋರಿಸಿ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಿಮ್ಮ ಪ್ರತಿಯಲ್ಲಿ ಆ ಹೆಸರು ಇಲ್ಲದಿದ್ದರೆ ನೀವೇ ಸೇರಿಸಬೇಕು: ದಕ್ಷಿಣ ಅಕ್ಷಾಂಶ 69.37, ಪೂರ್ವ ರೇಖಾಂಶ 32.32 ಡಿಗ್ರಿ. ಚಿಹ್ನೆಯೊಂದು ತಪ್ಪಿ ಪಶ್ಚಿಮವಾಯಿತೋ, ವಿಕ್ರಮ್ ಸುಮಾರು 650 ಕಿ.ಮೀ. ಆಚೆ ಕ್ಲಾಪ್ರಾತ್ ಕುಳಿಯ ಪಕ್ಕದಲ್ಲಿ ಇಳಿದಂತಾಗುತ್ತದೆ. ಸುತ್ತ ಕುಳಿಗಳೇ ತುಂಬಿದ ಆ ದಕ್ಷಿಣ ಪ್ರದೇಶದಲ್ಲಿ ಒಂದು ಕುಳಿಗೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಸೇರಿಸಿದ ಬಳಿಕ ಅದು ಮ್ಯಾಂಜಿನಸ್ ಮತ್ತು ಸಿಂಪೀಲಿಯಸ್ ಕುಳಿಗಳ ಸಮೀಪ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ನೆಲವೇ ಇಲ್ಲದ ಗುರುಗ್ರಹದ ಕಥೆ ಬೇರೆ. ಅಲ್ಲಿನ ಮಹಾ ಕೆಂಪು ಮಚ್ಚೆ ಮೋಡಗಳ ನಡುವಿನ ಸುಳಿ. ಆ ಅಕ್ಷಾಂಶಗಳಿಗೆ ಬಳಸುವ ಎರಡನೆಯ ಪದ್ಧತಿಯಲ್ಲಿ ಆವರ್ತನೆಯ ಅವಧಿ 9 ಗಂಟೆ 55 ನಿಮಿಷ 40.6 ಸೆಕೆಂಡು ಎಂದು ಹಿಡಿದಿದ್ದರೂ ಮಚ್ಚೆ ಅದಕ್ಕೆ ಬದ್ಧವಾಗಿರದೆ ವರ್ಷದಿಂದ ವರ್ಷಕ್ಕೆ ರೇಖಾಂಶ ಬದಲಿಸುತ್ತದೆ. ಯಾವ ನಕಾಶೆ ಹಾಕಿದರೂ ಕೆಲ ಕಾಲದಲ್ಲಿ ತಪ್ಪಾಗುವುದು ಖಂಡಿತ. ಸ್ಟೆಲೇರಿಯಂ ಇಲ್ಲಿ ಮೆಚ್ಚುವ ಕೆಲಸ ಮಾಡಿದೆ. ಮಚ್ಚೆಯ ಈಗಿನ ರೇಖಾಂಶ, ಅದನ್ನು ಅಳೆದ ದಿನಾಂಕ, ವರ್ಷಕ್ಕೆ ಅದು ಜರುಗುವ ಪ್ರಮಾಣ ಇವುಗಳನ್ನು ಬಳಕೆದಾರರೇ ತುಂಬಲು ಜಾಗ ಕೊಟ್ಟಿದೆ. ಅಂಕೆ ಎಲ್ಲಿಂದ ಬಂತು, ಯಾವ ದಿನದ್ದು ಎಂಬ ಪ್ರಶ್ನೆಯನ್ನು ಆ ಜಾಗವೇ ಕೇಳುತ್ತದೆ. ಇಂಥದೇ ಒಂದು ಸಾಲು ಮಂಗಳಕ್ಕೂ ಚಂದ್ರನಿಗೂ ಬೇಕು. ಅದು ಬರುವ ತನಕ, ಶಾಲೆಗೆ ಖಗೋಳ ಪಾಠದ ಸಾಮಗ್ರಿ ತಯಾರಿಸುವವರು ಪ್ರತಿ ನಕಾಶೆಯ ಜೊತೆಗೆ ನೌಕೆಯ ಹೆಸರು, ಸೊನ್ನೆ ರೇಖಾಂಶ ಇರುವ ಜಾಗ ಮತ್ತು ಎಣಿಕೆಯ ದಿಕ್ಕನ್ನು ಕೈಯಲ್ಲಾದರೂ ಬರೆದಿಡಲಿ.