ಬಾನುಲಿಯ ಮಾತು

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಸ್ಥಾಪಿಸಿದಂದಿನಿಂದ, ಕನ್ನಡದ ನುಡಿಯು ಮುದ್ರಣದ ನೆರವಿಲ್ಲದೆ ಅಕ್ಷರವರಿಯದವರ ಅಂಗಳವನ್ನೂ ಪ್ರವೇಶಿಸುವ ಶಕ್ತಿಯನ್ನು ಪಡೆಯಿತು. ಸಂಗೀತದ ಸೊಬಗನ್ನು ಕ್ಷಣಕಾಲ ಬದಿಗಿರಿಸಿ, ಬರಿಯ ಮಾತಿಗೆ ಮೀಸಲಾದ ಕಾರ್ಯಕ್ರಮಗಳನ್ನೇ ಒಂದು ದಿನವೆಲ್ಲ ಆಲಿಸಿದವರಿಗೆ ಅವುಗಳ ವೈವಿಧ್ಯವು ವಿಸ್ಮಯವನ್ನುಂಟುಮಾಡದಿರದು. ಪ್ರಾತಃಕಾಲದಲ್ಲಿ ‘ಚಿಂತನ’ದ ಮಿತವಾದ ವಿವೇಕ, ಅದರ ಆಸುಪಾಸಿನಲ್ಲಿಯೇ, 1974ರಿಂದ ದೆಹಲಿಯಿಂದ ಬಿತ್ತರವಾಗುತ್ತಿರುವ ಸಂಸ್ಕೃತ ವಾರ್ತೆ, ಬಳಿಕ ಪ್ರದೇಶ ಸಮಾಚಾರ, ವನಿತೆಯರ ಗೋಷ್ಠಿ, ವೈದ್ಯರೊಡನೆ ಸಂವಾದ.

ನನ್ನ ಮನಸ್ಸು ವಿಶೇಷವಾಗಿ ನೆಲಸುವುದು ಸಂಜೆಯ ಕೃಷಿ ಕಾರ್ಯಕ್ರಮದಲ್ಲಿ. ಬಿತ್ತನೆಯ ಕಾಲ, ಗೊಬ್ಬರದ ಪ್ರಮಾಣ, ಬೆಳೆಗೆ ತಗುಲುವ ರೋಗ ಮುಂತಾದ ಶಾಸ್ತ್ರವಿಷಯಗಳನ್ನು ಉಪದೇಶದ ಗತ್ತಿಲ್ಲದೆ, ಜಗಲಿಯ ಮೇಲಿನ ಹರಟೆಯಂತೆ ಹರಿಯಗೊಡುವುದು ಸಾಮಾನ್ಯವಾದ ವಿದ್ಯೆಯಲ್ಲ. ಬಾನುಲಿಯ ಕಲಾವಿದರಾದ ಎ. ಎಸ್. ಮೂರ್ತಿಯವರನ್ನು ನಾಡಿನ ಜನ ‘ಆಕಾಶವಾಣಿ ಈರಣ್ಣ’ನೆಂದೇ ಕರೆದರೆಂಬುದು, ಮುಖವನ್ನೇ ಕಾಣದ ಕೇಳುಗರು ಒಂದು ಕಂಠವನ್ನು ತಮ್ಮ ಬಂಧುವರ್ಗಕ್ಕೆ ಸೇರಿಸಿಕೊಂಡುದಕ್ಕೆ ಸಾಕ್ಷಿ.

ರಾತ್ರಿಯ ನಾಟಕದ ಕೌಶಲವಾದರೋ ಇನ್ನೂ ಸೂಕ್ಷ್ಮವಾದುದು. ಅಲ್ಲಿ ರಂಗಸಜ್ಜಿಕೆಯಿಲ್ಲ, ವೇಷವಿಲ್ಲ, ಹುಬ್ಬಿನ ಸಂಜ್ಞೆಯಿಲ್ಲ. ಪಾತ್ರವು ದೂರ ಸರಿಯಬೇಕಾದರೆ ನಟನು ಧ್ವನಿಗ್ರಾಹಕದಿಂದ ಹಿಂದೆ ಸರಿಯಬೇಕು, ಅಂತರಂಗದ ಮಾತಾದರೆ ಅದರ ಸಮೀಪಕ್ಕೆ ಬಂದು ಸ್ವರವನ್ನು ತಗ್ಗಿಸಬೇಕು. ಮೌನವನ್ನು ಕೂಡ ಅಳೆದೇ ಬಳಸಬೇಕು. ಅದು ಒಂದಿಷ್ಟು ದೀರ್ಘವಾದರೆ ಯಂತ್ರವೇ ಕೆಟ್ಟಿತೆಂದು ಕೇಳುಗನು ಶಂಕಿಸುತ್ತಾನೆ. ಇಂತಹ ಸಂಯಮವನ್ನು ದಿನದಿನವೂ ಸಾಧಿಸಿದ ಉದ್ಘೋಷಕರು, ಲೇಖಕರು, ಧ್ವನಿಮುದ್ರಣದ ಕುಶಲಿಗಳು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಇನ್ನಷ್ಟು ವಿಸ್ತಾರವಾದ ಸ್ಥಾನಕ್ಕೆ ಅರ್ಹರು.